ನಾಗವೇಣಿಯ ಹೆಸರಿನಲ್ಲಿ ನಾನು ಬರೆದ ಉತ್ತರ

ಆ ಉತ್ತರವನ್ನು ಹಾಕಿದ್ದು ನಾಗವೇಣಿ ಅಲ್ಲ. ನಾನು. ಕಂಪ್ಯೂಟರಿನಲ್ಲಿ ತೆರೆದಿದ್ದದ್ದು ಅವಳ ಖಾತೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಕಿದೆ. ಆಮೇಲೆ ಎಲ್ಲರೂ ಅವಳನ್ನು ದೂರಿದಾಗ ಬಾಯಿ ಮುಚ್ಚಿಕೊಂಡಿದ್ದೆ — ಇಲ್ಲ, ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಬಾಯಿ ಬಿಟ್ಟೆ. ಅವಳ ತಂಗಿಯ ಕಡೆಗೆ ಬೆರಳು ತೋರಿಸಿದೆ.

ನನ್ನ ಹೆಸರು ಪವಿತ್ರಾ, ಊರು ಅಜ್ಜಂಪುರ. ಈಗ ತರೀಕೆರೆಯಲ್ಲಿ ಬಿ.ಎಡ್. ಓದುತ್ತಿದ್ದೇನೆ. ಇತ್ತೀಚೆಗೆ ನಮ್ಮ ಮೇಡಂ ಒಬ್ಬರು ಬರೆಯಲು ಒಂದು ವಿಷಯ ಕೊಟ್ಟರು. ಈ ಡಿಜಿಟಲ್ ಕಾಲದಲ್ಲಿ ನೀವು ನಿಮ್ಮಷ್ಟಕ್ಕೆ ಏನು ಕಲಿತಿರಿ, ಗೆಳೆಯರ ಜೊತೆ ಸೇರಿ ಏನು ಕಲಿತಿರಿ, ವಿದ್ಯಾರ್ಥಿಯಾಗಿ ನಿಮ್ಮ ಅನುಭವ ಬರೆಯಿರಿ ಎಂದರು. ಡಿಗ್ರಿಯಲ್ಲಿದ್ದಾಗ ನಾವು ಗೆಳತಿಯರು ಸೇರಿ ಮೊಬೈಲಿನಲ್ಲಿ ನಡೆಸುತ್ತಿದ್ದ ಓದಿನ ಗುಂಪಿನ ಬಗ್ಗೆ ಬರೆದೆ. ಚೆನ್ನಾಗಿಯೇ ಬರೆದೆ. ಮೇಡಂ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಆ ಗುಂಪು ಈಗ್ಲೂ ಐತಾ?"

"ಇಲ್ಲ, ಹಂಗೇ ನಿಂತೋಯ್ತು" ಎಂದೆ.

ಹಂಗೇ ನಿಂತೋಯ್ತು! ಎಷ್ಟು ಸಲೀಸಾಗಿ ಬಂತು ಆ ಮಾತು. ಅವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಆದ್ದರಿಂದ ಈಗ ಇದನ್ನು ಬರೆಯುತ್ತಿದ್ದೇನೆ.

ಕಡೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ನಮ್ಮಂಥ ಕನ್ನಡ ಮಾಧ್ಯಮದ ಹುಡುಗಿಯರಿಗೆ ಪಾಠವೇ ತಲೆಗೆ ಹತ್ತುತ್ತಿರಲಿಲ್ಲ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿಕೊಂಡು ಹೋಗುತ್ತಿದ್ದರು, ನಾವು ತಲೆಯಾಡಿಸುತ್ತಿದ್ದೆವು. ತಲೆಯಾಡಿಸದೆ ಇದ್ದವಳು ನಾಗವೇಣಿ ಒಬ್ಬಳೇ. ಚೌಳಹಿರಿಯೂರಿನವಳು, ತೆಳ್ಳಗೆ, ಮಾತು ಜೋರು. ಒಂದು ದಿನ ಊಟದ ಹೊತ್ತಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದಳು, "ಯಾರ್ಗಾದ್ರೂ ಅರ್ಥ ಆಗ್ತಾ ಐತೇನ್ರೇ? ನಂಗಂತೂ ಇಲ್ಲ." ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕೆವು. ನಗುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಗುಂಪು ಹುಟ್ಟಿದ್ದು ಹಾಗೆ. ಒಬ್ಬೊಬ್ಬರು ಒಂದೊಂದು ಪಾಠ ಹಂಚಿಕೊಳ್ಳುವುದು, ಮೊಬೈಲಿನಲ್ಲಿ ಸಿಗುವ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ತಾನೇ ಕಲಿಯುವುದು, ಕಲಿತದ್ದನ್ನು ನಮ್ಮ ಮಾತಿನಲ್ಲಿ ರೆಕಾರ್ಡ್ ಮಾಡಿ ಗುಂಪಿಗೆ ಹಾಕುವುದು. ಬರೆದಿಡಲು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸೇರಿದ ಒಂದು ಕಡತವಿತ್ತು. ಯಾರು ಬೇಕಾದರೂ ತೆರೆದು ಸೇರಿಸಬಹುದು, ತಿದ್ದಬಹುದು. ನಾಗವೇಣಿಯ ರೆಕಾರ್ಡಿಂಗುಗಳೆಂದರೆ ನಮಗೆ ಹಬ್ಬ. ಅನಿಲವನ್ನು ಒತ್ತಿದರೆ ಏಕೆ ಬಿಸಿಯಾಗುತ್ತದೆ ಎಂದು ವಿವರಿಸಲು ಅವಳು ಸೈಕಲ್ ಪಂಪನ್ನೇ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದಳು. ಪಂಪು ಒತ್ತುವ ಸದ್ದು, ಏದುಸಿರು, ನಡುನಡುವೆ ಮಾತು — "ಒತ್ತಿದ್ರೆ ಬಿಸಿ ಕಣ್ರೇ, ಮುಟ್ಟಿ ನೋಡಿ ಬೇಕಾದ್ರೆ. ಹಿಗ್ಗಕ್ಕೆ ಬಿಟ್ರೆ ತಣ್ಣಗಾಗ್ತದೆ. ಅಷ್ಟೇ ಇರೋದು." ಹಿಂದಿನಿಂದ ಅವಳ ತಂಗಿ ಗಿರಿಜಾ ನಗುವುದೂ ಅದರಲ್ಲಿ ಕೇಳುತ್ತಿತ್ತು. ಗಿರಿಜಾ ಆಗ ಮೊದಲ ವರ್ಷದ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಳು. ಅಕ್ಕತಂಗಿಯರಿಬ್ಬರಿಗೂ ಸೇರಿ ಮನೆಯಲ್ಲಿದ್ದದ್ದು ಒಂದೇ ಮೊಬೈಲು.

ಹಾಗೆ ನಾವು ಕಲಿತೆವು. ಮೊದಲ ಬರಹದಲ್ಲಿ ನಾನು ಬರೆದದ್ದು ಇಷ್ಟೇ, ಇಷ್ಟೂ ನಿಜವೇ. ಬರೆಯದೆ ಬಿಟ್ಟದ್ದು ಮುಂದಿನದು.

ಎರಡನೇ ಲಾಕ್‌ಡೌನ್ ಶುರುವಾಗುವ ಸ್ವಲ್ಪ ಮೊದಲು ನಾಗವೇಣಿ ಅಜ್ಜಂಪುರಕ್ಕೆ ಬಂದಿದ್ದಳು. ನನ್ನ ಅಣ್ಣ ಫೋಟೋ ಸ್ಟುಡಿಯೋ ಇಟ್ಟಿದ್ದ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂತು ಅವಳು ಆ ಕಡತವನ್ನೆಲ್ಲ ಚೊಕ್ಕಟವಾಗಿ ಜೋಡಿಸಿದಳು. ಅಮ್ಮ ಮಾಡಿದ ಅಕ್ಕಿರೊಟ್ಟಿ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ತನ್ನ ಖಾತೆ ಲಾಗೌಟ್ ಮಾಡುವುದನ್ನು ಮರೆತಳು. ನಾನು ಮಾರನೆಯ ದಿನವೇ ನೋಡಿದೆ. ಮಾಡಬಹುದಿತ್ತು... ಮಾಡಲಿಲ್ಲ. ಆಗ ಅದರಲ್ಲಿ ಏನೂ ಕೆಟ್ಟ ಯೋಚನೆ ಇರಲಿಲ್ಲ.

ಕಾಲೇಜು ಬಾಗಿಲು ಹಾಕಿದ ಮೇಲೆ ಪರೀಕ್ಷೆಯೂ ಮನೆಗೇ ಬಂತು. ಪ್ರಶ್ನೆಗಳು ಮೊಬೈಲಿಗೆ ಬರುತ್ತಿದ್ದವು. ಬರೆದು, ಫೋಟೋ ತೆಗೆದು ಕಳಿಸಬೇಕು. ಭೌತಶಾಸ್ತ್ರದ ಕಿರುಪರೀಕ್ಷೆಯ ದಿನ ಒಂದು ಲೆಕ್ಕ ಎಲ್ಲರಿಗೂ ಕಷ್ಟವಾಯಿತು. ಹಿಗ್ಗುವ ಅನಿಲದ್ದೇ ಲೆಕ್ಕ. ನಾನು ಹೇಗೋ ಮಾಡಿ ಮುಗಿಸಿದ್ದೆ. ಅಷ್ಟರಲ್ಲಿ ಇಬ್ಬರು ಗೆಳತಿಯರ ಫೋನು, ಒಬ್ಬಳ ಹಿಂದೆ ಒಬ್ಬಳದು. "ಪವೀ, ಆ ಲೆಕ್ಕ ಒಂದನ್ನ ಕಡತಕ್ಕೆ ಹಾಕ್ಬಿಡೇ, ದಮ್ಮಯ್ಯ."

ಹಾಕಬೇಕೆಂದು ಆಸೆಯಾಯಿತು. ಯಾವಾಗಲೂ ನಾಗವೇಣಿಯಿಂದ ಪಡೆದವಳೇ ನಾನು. ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. ಆದರೆ ನನ್ನ ಹೆಸರಿನಲ್ಲಿ ಹಾಕಲು ಭಯ — ಮೇಷ್ಟ್ರಿಗೆ ಗೊತ್ತಾದರೆ? ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲಿ ನಾಗವೇಣಿಯ ಹೆಸರಿತ್ತು. ನಾನು ಅದನ್ನು ನೋಡಿದೆ. ಸುಮ್ಮನೆ ಕಣ್ಣಿಗೆ ಬಿದ್ದದ್ದಲ್ಲ, ನೋಡಿದೆ. ಏನಾದರೂ ಆದರೆ ಅವಳದ್ದಾಗುತ್ತದೆ ಎಂಬ ಯೋಚನೆ ಬಂತು, ಆ ಯೋಚನೆ ಬಂದ ಮೇಲೂ ನನ್ನ ಬೆರಳು ನಿಲ್ಲಲಿಲ್ಲ. ಇಡೀ ಲೆಕ್ಕ ಟೈಪು ಮಾಡಿದೆ. ಗೆಳತಿಯರಿಗೆ ಫೋನು ಮಾಡಿ, "ನಂಗೂ ಬರ್ಲಿಲ್ಲ, ನಾಗವೇಣಿ ಹಾಕವ್ಳೆ, ನೋಡ್ಕೊಳ್ರೇ" ಎಂದೆ. ಗುಂಪಿನವರೆಲ್ಲ ನೋಡಿಕೊಂಡು ಬರೆದರು.

ಆ ಲೆಕ್ಕ ತಪ್ಪಾಗಿತ್ತು. ಗಡಿಬಿಡಿಯಲ್ಲಿ ಒಂದು ಚಿಹ್ನೆ ತಿರುಗಿಹೋಗಿತ್ತು; ತಣ್ಣಗಾಗಬೇಕಾದ ಅನಿಲ ನನ್ನ ಉತ್ತರದಲ್ಲಿ ಬಿಸಿಯಾಗಿತ್ತು. ಎಲ್ಲರ ಕಾಗದದಲ್ಲೂ ಅದೇ ತಪ್ಪು, ಅದೇ ಜಾಗದಲ್ಲಿ. ಸರಿಯಾದ ಉತ್ತರ ಬರೆದವಳು ನಾಗವೇಣಿ ಒಬ್ಬಳೇ. ಪರೀಕ್ಷೆ ನಡೆಯುವಾಗ ಅವಳು ಕಡತದ ಕಡೆ ತಲೆಯನ್ನೂ ಹಾಕಿರಲಿಲ್ಲ.

ಮೇಷ್ಟ್ರು ಎಲ್ಲರನ್ನೂ ವಿಡಿಯೋ ಕರೆಗೆ ಸೇರಿಸಿದರು. ಹೆದರಿದ ಒಬ್ಬಳು ಕಡತದ ವಿಷಯ ಹೇಳಿದಳು. ಅವರು ತೆರೆದು ನೋಡಿದರು. ಯಾವ ಹೊತ್ತಿಗೆ ಯಾರು ಸೇರಿಸಿದರು ಎಂಬುದೆಲ್ಲ ಅಲ್ಲಿತ್ತು. ಖಾತೆಯ ಹೆಸರಿತ್ತು, ಟೈಪು ಮಾಡಿದ ಕೈ ಯಾರದೆಂದು ಇರಲಿಲ್ಲ.

"ನಾಗವೇಣಿ, ಇದೇನಮ್ಮಾ ಇದು?"

"ನಾನಲ್ಲ ಸಾರ್. ನಾನು ಹಾಕೇ ಇಲ್ಲ."

"ನಿನ್ನ ಹೆಸರೇ ಐತಲ್ಲ ಇಲ್ಲಿ? ಬೇರೇರಿಗೆ ತಪ್ಪು ಕೊಟ್ಟು ನೀನು ಮಾತ್ರ ಸರಿ ಬರ್ದಿದೀಯ. ಕಾಪಿ ಕೊಡೋರನ್ನ ನೋಡಿದೀನಿ, ಇಂಥದ್ದು ನೋಡಿರ್ಲಿಲ್ಲ."

ಅವಳ ಸರಿಯುತ್ತರವೇ ಅವಳಿಗೆ ಮುಳುವಾಯಿತು. ಬೇಕೆಂತಲೇ ನಮ್ಮನ್ನು ಹಳ್ಳಕ್ಕೆ ತಳ್ಳಿದಳು ಎಂದು ಗೆಳತಿಯರು ನಂಬಿದರು. ನಾನು? ನನ್ನ ಕಾಗದದಲ್ಲೂ ಅದೇ ತಪ್ಪು ಇತ್ತಲ್ಲ — ನಾನು ಮೋಸಹೋದವರ ಸಾಲಿನಲ್ಲಿದ್ದೆ. ಒಬ್ಬಳು ನನಗೆ ಸಮಾಧಾನ ಕೂಡ ಹೇಳಿದಳು.

ಅವತ್ತೇ ನಾಗವೇಣಿ ಫೋನು ಮಾಡಿದಳು.

"ಪವೀ, ನಿಮ್ಮನೆ ಲ್ಯಾಪ್‌ಟಾಪಲ್ಲಿ ಅವತ್ತು ನಾನು ಲಾಗೌಟ್ ಮಾಡಿದ್ನೇನೇ? ನೆನಪೇ ಬತ್ತಿಲ್ಲ."

ಇಲ್ಲಿ ನನಗೊಂದು ಬಾಗಿಲು ತೆರೆದಿತ್ತು. ಇಲ್ಲ ಕಣೇ, ಮಾಡಿರಲಿಲ್ಲ — ಇಷ್ಟೇ ಹೇಳಿದ್ದರೆ ಸಾಕಿತ್ತು, ಉಳಿದದ್ದು ತಾನಾಗಿ ಬರುತ್ತಿತ್ತು.

"ಮಾಡಿದ್ದೆ ಕಣೇ, ನಾನೇ ನೋಡಿದೀನಿ" ಎಂದೆ. ಅಷ್ಟಕ್ಕೂ ನಿಲ್ಲಲಿಲ್ಲ. "ಗಿರಿಜಂಗೆ ನಿನ್ ಪಾಸ್‌ವರ್ಡ್ ಗೊತ್ತಲ್ವಾ? ನಮ್ ಕ್ಲಾಸಲ್ಲಿ ಯಾರಿಗಾದ್ರೂ ಕೊಟ್ಟಿರ್ಬೋದು ನೋಡು."

ಅವಳು ಫೋನು ಇಟ್ಟಳು.

ಆ ಪರೀಕ್ಷೆಯ ಅವಳ ಅಂಕಗಳನ್ನು ತೆಗೆದುಹಾಕಿದರು. ಗುಂಪಿನಿಂದ ಒಬ್ಬೊಬ್ಬರಾಗಿ ಹೊರಬಿದ್ದರು. ಅವಳು ಆ ವರ್ಷವೇ ಬಿ.ಎಸ್ಸಿ. ಬಿಟ್ಟು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಳೆಂದು ಕೇಳಿದೆ. ನಾನೇನು ಮಾಡಿದೆ ಗೊತ್ತೇ? ಅವಳು ಜೋಡಿಸಿದ್ದ ಕಡತವನ್ನು ನನ್ನಲ್ಲಿ ಇಳಿಸಿಟ್ಟುಕೊಂಡು, ಅದನ್ನೇ ಓದಿ, ಪ್ರಥಮ ದರ್ಜೆಯಲ್ಲಿ ಪಾಸಾದೆ. ಅವಳ ಪಂಪಿನ ಸದ್ದು ಕೇಳುತ್ತಾ...

ಬಿ.ಎಡ್. ತರಗತಿಯಲ್ಲಿ ಚಪ್ಪಾಳೆ ಬಿದ್ದ ಆ ವಾರವೇ ನಾಗವೇಣಿಯನ್ನು ಹುಡುಕಿಕೊಂಡು ಕಡೂರಿಗೆ ಹೋದೆ. ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅವಳಿದ್ದಳು, ಬಿಳಿ ಕೋಟು ಹಾಕಿಕೊಂಡು. ನನ್ನನ್ನು ನೋಡಿ ಮುಖ ಅರಳಿಸಿದಳು. "ಏನೇ ಪವೀ! ಯಾರಿಗೆ ಹುಷಾರಿಲ್ಲ?" ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದಳು. ಟೀ ಮುಗಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಯ್ಯಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಗಿರಿಜಂಗೆ ಹೊಡ್ದೆ ಕಣೇ ನಾನು" ಎಂದಳು. "ಹೊಡ್ದೆ. ಮೊಬೈಲ್ ಮುಟ್ಟಕ್ ಬಿಡ್ಲಿಲ್ಲ ಅವ್ಳಿಗೆ. ಕ್ಲಾಸೆಲ್ಲ ಅದ್ರಲ್ಲೇ ಇತ್ತಲ್ಲ... ಅಪ್ಪಂಗೂ ಹೇಳ್ದೆ. ಅವ್ಳಿಗೇನಾದ್ರೂ ಮೊಬೈಲ್ ಕೊಟ್ರೆ ನೋಡ್ರಿ ಅಂತ."

ಮೊಬೈಲು ಇಲ್ಲದೆ ಗಿರಿಜಾಳ ಪಾಠಗಳು ನಿಂತವು. ಆ ವರ್ಷ ಎಲ್ಲರನ್ನೂ ಪಾಸು ಮಾಡಿದಾಗ ಅವಳೂ ಮೇಲಿನ ತರಗತಿಗೆ ಹೋದಳು. ಆದರೆ ಏನೂ ಓದದೆ ಹೋದವಳು ಮುಂದಿನ ವರ್ಷ ಫೇಲಾದಳು. ಮತ್ತೆ ಕಟ್ಟಲಿಲ್ಲ. ಈಗ ಕಡೂರಿನದೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದೇ ಮನೆಯಿಂದ ದಿನಾ ಒಂದೇ ಬಸ್ಸಿಗೆ ಅಕ್ಕತಂಗಿ ಬರುತ್ತಾರೆ. ಇಷ್ಟು ವರ್ಷವಾದರೂ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಾರಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಸಬೂಬಲ್ಲ. ನಾನು ತಿಳಿದುಕೊಳ್ಳಲು ಹೋಗಿರಲಿಲ್ಲ.

"ನಂಗ್ ಹೇಳಿದ್ದು ಸಾಲ್ದು" ಎಂದು ನಾಗವೇಣಿ ಎದ್ದಳು. "ಬಾ, ಅವ್ಳ್ ಮುಂದೆ ಹೇಳು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗಿರಿಜಾ ಬಿಚ್ಚಿಟ್ಟ ಸೀರೆಗಳನ್ನು ಮಡಿಸುತ್ತಿದ್ದಳು. ಹೊರಗೆ ಮೆಟ್ಟಿಲ ಬಳಿ ಕರೆದು ಹೇಳಿದೆ. ಉತ್ತರ ಹಾಕಿದ್ದು ನಾನು, ನಿನ್ನ ಹೆಸರು ಹೇಳಿದ್ದೂ ನಾನು ಎಂದೆ. ನನ್ನ ಮಾತು ಮುಗಿಯುವವರೆಗೆ ಅವಳು ನನ್ನನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅಕ್ಕನ ಕಡೆ ತಿರುಗಿದಳು.

"ನಾನಲ್ಲ ಅಂತ ಹೇಳ್ದೆನಲ್ಲಕ್ಕ" ಎಂದಳು. "ಎಷ್ಟ್ ಅತ್ಕೊಂಡ್ ಹೇಳ್ದೆ."

ನಾಗವೇಣಿ ಅವಳ ಕೈ ಹಿಡಿದುಕೊಳ್ಳಲು ಹೋದಳು. ಗಿರಿಜಾ ಕೊಡಲೂ ಇಲ್ಲ, ಕಿತ್ತುಕೊಳ್ಳಲೂ ಇಲ್ಲ. ಅಂದು ಮೇಷ್ಟ್ರ ಮುಂದೆ ನಾಗವೇಣಿ ಆಡಿದ್ದೂ ಅದೇ ಮಾತು — ನಾನಲ್ಲ. ಮನೆಯಲ್ಲಿ ಗಿರಿಜಾ ಆಡಿದ್ದೂ ಅದೇ. ಇಬ್ಬರದೂ ನಿಜ, ಇಬ್ಬರನ್ನೂ ಯಾರೂ ನಂಬಲಿಲ್ಲ. ಸುಳ್ಳು ಹೇಳಿದ ನನ್ನನ್ನು ಮಾತ್ರ ಎಲ್ಲರೂ ನಂಬಿದರು.

ಏನಾದರೂ ಮಾಡಬೇಕೆನಿಸಿತು. ಮಾಡಿದರೆ ನನಗೇ ಹಗುರವಾಗುತ್ತದೆ ಎಂಬ ಆಸೆಯೂ ಅದರೊಳಗೆ ಇತ್ತೇನೋ. "ಗಿರಿಜಾ, ನೀನು ಮತ್ತೆ ಪರೀಕ್ಷೆ ಕಟ್ಟು. ನಾನು ಬಂದು ಹೇಳಿಕೊಡ್ತೀನಿ. ವಾರಾ ವಾರಾ ಬತ್ತೀನಿ" ಎಂದೆ.

"ಕಟ್ಟಿದ್ರೂ ಕಟ್ಬೋದು" ಎಂದಳು ಗಿರಿಜಾ. "ಆದ್ರೆ ನಿಮ್ಮಿಂದ ಬೇಡ."

ಒಳಗಿನಿಂದ ಯಜಮಾನರು ಕೂಗಿದರು. ಅವಳು ಹೋದಳು.

ಅವತ್ತು ಸಂಜೆ ಹಳೆಯ ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. "ಈಗ್ಯಾಕಮ್ಮ ಅದೆಲ್ಲ?" ಎಂದರು ಮೊದಲು. ಆಮೇಲೆ ತಾವೇ ನಾಗವೇಣಿಯ ನಂಬರು ಕೇಳಿದರು. ಹಳೆಯ ಗೆಳತಿಯರಿಗೂ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ಕೆಲವರು ಬೈದರು. ಒಬ್ಬಳು, ಬಿಡೇ ಅದನ್ನ, ಯಾವ ಕಾಲದ್ದೋ, ಎಂದು ನಕ್ಕಳು; ಆ ನಗು ಬೈಗುಳಕ್ಕಿಂತ ಕಷ್ಟವಾಯಿತು. ಇನ್ನೂ ಕೆಲವರಿಗೆ ಹೇಳುವುದಿದೆ, ಹೇಳುತ್ತೇನೆ.

ಅಕ್ಕತಂಗಿ ಈಗ ಬಸ್ಸಿನಲ್ಲಿ ಒಟ್ಟಿಗೆ ಕೂರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.