ಗುಂಟೂರು ಕಾಯಿ ಮತ್ತು ನಮ್ಮ ಅತ್ತೆಯ ರಕ್ಷಣೆ

ನಮ್ಮ ಅತ್ತೆಗೆ ಎರಡರ ಮೇಲೆ ಅಪಾರ ನಂಬಿಕೆ. ಒಂದು ಯೇಸುಸ್ವಾಮಿ, ಇನ್ನೊಂದು ಬ್ಯಾಡಗಿ ಮೆಣಸಿನಕಾಯಿ. ಮೊದಲನೆಯದರ ಬಗ್ಗೆ ಯಾರಾದರೂ ವಾದಕ್ಕೆ ಬಂದರೆ ನಕ್ಕು ಸುಮ್ಮನಾಗುತ್ತಾರೆ. ಎರಡನೆಯದರ ಬಗ್ಗೆ ಬಂದರೆ ಮಾತ್ರ ಸುಲಭಕ್ಕೆ ಬಿಡುವವರಲ್ಲ.

"ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದು. ಉರಸೂದು ಅದರ ಸ್ವಭಾವನ ಅಲ್ಲ" ಎನ್ನುತ್ತಾರೆ, ತಾವೇ ಹೆತ್ತು ಬೆಳೆಸಿದವರ ಹಾಗೆ.

ಸುಗ್ಗಿ ಶುರುವಾದರೆ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಾರೆ. ಮನೆಯಲ್ಲಿ ಅನುಕೂಲವಿದೆ, ಬೇಡವೆಂದರೂ ಕೇಳುವುದಿಲ್ಲ. ಅಲ್ಲಿ ಕೂತರೆ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಕೆಂಪಗಿದ್ದ ಕಾಯಿ ಒಂದು ಕಡೆ, ಬಣ್ಣ ಹೋದದ್ದು ಇನ್ನೊಂದು ಕಡೆ. ಒಮ್ಮೆ ಎಸೆದ ಕಾಯಿಯನ್ನು ತಿರುಗಿ ನೋಡುವ ಪದ್ಧತಿ ಅವರಲ್ಲಿಲ್ಲ. ವರ್ಷಗಟ್ಟಲೆ ಮುರಿದು ಮುರಿದು ಅವರ ಬೆರಳುಗಳಿಗೆ ಉರಿ ತಿಳಿಯುವುದೇ ನಿಂತುಹೋಗಿದೆ. ಸಂಜೆ ಮನೆಗೆ ಬಂದು ಒಂದು ಸಲ ಸೋಪು ಹಚ್ಚಿ ಕೈ ತೊಳೆದು ನೇರ ಒಲೆಯ ಮುಂದೆ ಕೂರುತ್ತಾರೆ.

ಆ ಒಲೆಯ ಹತ್ತಿರ ನನಗೆ ಪ್ರವೇಶವಿಲ್ಲ. ನಾನು ಹಾವೇರಿಯವಳು, ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ. ಯಾವ ಬೀಜ ಎಷ್ಟು ಮೊಳೆಯುತ್ತದೆ ಎಂದು ಹೇಳಬಲ್ಲೆ, ಜೋಳದ ರೊಟ್ಟಿ ಮಾತ್ರ ಬಡಿಯಲಾರೆ. ಮದುವೆಯಾದ ಹೊಸದರಲ್ಲಿ ನಾನು ಬಡಿದ ರೊಟ್ಟಿ ಹೆಂಚಿಗೆ ಹೋಗುವ ದಾರಿಯಲ್ಲೇ ಹರಿದುಬಿತ್ತು. ಅತ್ತೆ ಅದನ್ನು ಎತ್ತಿ ಪಕ್ಕದ ಮನೆಯ ಎಮ್ಮೆಗೆ ಹಾಕಿಸಿದರು. ಎಮ್ಮೆ ತಿಂದಿತೋ ಇಲ್ಲವೋ ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ನಮ್ಮದು ಚಿಕ್ಕ ಕ್ರೈಸ್ತ ಸಭೆ. ಪಾಸ್ಟರ್ ರಾಣೆಬೆನ್ನೂರಿನಿಂದ ಬೈಕಿನಲ್ಲಿ ಬರುತ್ತಾರೆ. ತಿಂಗಳಿಗೊಮ್ಮೆ ಕರ್ತನ ಭೋಜನ, ಎಂದರೆ ಯೇಸುಸ್ವಾಮಿಯ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವುದು. ಅದಕ್ಕೆ ಬೇಕಾದ ಹುಳಿಯಿಲ್ಲದ ರೊಟ್ಟಿಯನ್ನು ಗೋಧಿಹಿಟ್ಟಿನಲ್ಲಿ, ಉಪ್ಪು ಕೂಡ ಹಾಕದೆ, ಬೇರೆಯೇ ಇಟ್ಟ ಹೆಂಚಿನ ಮೇಲೆ ನಮ್ಮ ಅತ್ತೆಯೇ ಬೇಯಿಸಬೇಕು. ಆ ಹಕ್ಕಿಗೆ ಬೇರೆ ಯಾರೂ ಕೈ ಹಾಕಿದ್ದಿಲ್ಲ.

ಆ ಶನಿವಾರ ಅಂಗಳಕ್ಕೆ ಬಂದದ್ದು ಉರಿಗೆ ಹೆಸರಾದ ಗುಂಟೂರಿನ ಕಾಯಿ. ಅತ್ತೆ ಅದನ್ನು ದಿನವಿಡೀ ಮುರಿದರು, ಆದರೆ ಕೈಯನ್ನು ಬ್ಯಾಡಗಿ ಕಾಯಿಗೆ ತೊಳೆದಷ್ಟೇ ತೊಳೆದರು. ಆಮೇಲೆ ಕರ್ತನ ರೊಟ್ಟಿಗೆ ಹಿಟ್ಟು ನಾದಿದರು.

ಭಾನುವಾರದ ಪ್ರಸಂಗದ ವಿಷಯ ಸ್ವಲ್ಪ ಗಟ್ಟಿಯದು. ನೀತಿವಂತರೆಂಬ ನಿರ್ಣಯ ಬೇರೆ, ರಕ್ಷಣೆ ಬೇರೆ ಎಂದು ಪಾಸ್ಟರ್ ಬಿಡಿಸಿ ಹೇಳುತ್ತಿದ್ದರು. ನಂಬಿದ ಕೂಡಲೇ ಕ್ರಿಸ್ತನ ದೆಸೆಯಿಂದ ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುತ್ತಾನೆ. ಅದು ಒಂದೇ ಸಲ ಆಗಿಹೋಗುವ ಮಾತು. ರಕ್ಷಣೆ ಅದಕ್ಕಿಂತ ದೊಡ್ಡದು. ಅದು ಆ ನಿರ್ಣಯವನ್ನೂ ಒಳಗೊಂಡು, ದಿನದಿನವೂ ನಮ್ಮನ್ನು ತಿದ್ದುತ್ತ, ಕೊನೆಯ ದಿನದವರೆಗೆ ನಡೆಯುತ್ತದೆ. ಇಷ್ಟು ಹೊತ್ತಿಗೆ ನಮ್ಮ ಮನೆಯವರು ಕಣ್ಣು ಮುಚ್ಚಿದ್ದರು. ಕೇಳಿದರೆ ಧ್ಯಾನ ಎನ್ನುತ್ತಾರೆ.

ಆಮೇಲೆ ರೊಟ್ಟಿ ಹಂಚಲಾಯಿತು. ಮೊದಲು ಮುಂದಿನ ಸಾಲಿನ ಹಿರಿಯರು ಕಣ್ಣೊರೆಸಿಕೊಂಡರು. ನಂತರ ಹೆಂಗಸರ ಕಡೆಯಿಂದ ಮೂಗು ಸೇದುವ ಸದ್ದು ಬಂತು. ನೋಡುನೋಡುತ್ತ ಇಡೀ ಸಭೆ ಕಣ್ಣೀರು ಸುರಿಸತೊಡಗಿತು. ತಮ್ಮ ಪ್ರಸಂಗಕ್ಕೆ ಆವರೆಗೆ ಅಂಥ ಫಲ ಕಾಣದ ಪಾಸ್ಟರ್ ಗದ್ಗದಿತರಾದರು.

"ಅಳ್ರಿ, ಅಳ್ರಿ. ದೇವರ ಮುಂದ ಅಳಾಕ ನಾಚಬ್ಯಾಡ್ರಿ" ಎಂದು ಪ್ರಾರ್ಥನೆಯನ್ನು ಇನ್ನಷ್ಟು ಎಳೆದರು. ಕೊನೆಗೆ ತಮ್ಮ ಪಾಲಿನ ತುಂಡನ್ನು ಬಾಯಿಗಿಟ್ಟುಕೊಂಡಾಗ ಪ್ರಾರ್ಥನೆ ಗಕ್ಕನೆ ನಿಂತಿತು. ದ್ರಾಕ್ಷಾರಸದ ಪುಟ್ಟ ಲೋಟಗಳನ್ನು ಜನ ಅಷ್ಟು ಆಸೆಯಿಂದ ನೋಡಿದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಆರಾಧನೆ ಮುಗಿದ ಮೇಲೆ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಪಾಸ್ಟರ್ ಕೂಡ. ಅತ್ತೆ ಮಾತ್ರ ನಗಲಿಲ್ಲ. ಮನೆಗೆ ಬಂದವರೇ ಆ ಹೆಂಚನ್ನು ತೊಳೆದು ಅಟ್ಟಕ್ಕೆ ಹಾಕಿಸಿದರು.

"ಕರ್ತನ ರೊಟ್ಟಿಗೆ ಖಾರ ಹಚ್ಚಿದಾಕಿ ನಾನು. ನನ್ನ ರಕ್ಷಣಾ ಹೋತು" ಎಂದರು.

ನಾವು ಮೊದಲು ತಮಾಷೆ ಮಾಡಿದೆವು. ಮುಂದಿನ ತಿಂಗಳು ಯಾರೋ ಬೇಕರಿಯಿಂದ ಬ್ರೆಡ್ ತಂದರು. ಅತ್ತೆ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತವರು ಭೋಜನಕ್ಕೆ ಎದ್ದು ಬರಲೇ ಇಲ್ಲ. ಬೆಳಗ್ಗೆ ರೊಟ್ಟಿ ಬಡಿಯುವಾಗ ಹಾಡುತ್ತಿದ್ದ ಸ್ತುತಿಯೂ ನಿಂತಿತು. ಬಣ್ಣ ಹೋದ ಕಾಯಿಯ ಗುಡ್ಡೆಗೆ ತಮ್ಮನ್ನು ತಾವೇ ಎಸೆದುಕೊಂಡಿದ್ದರು. ಆಗ ನನಗೆ ನಿಜವಾಗಿಯೂ ಭಯವಾಯಿತು. ಪಾಸ್ಟರಿಗೆ ಫೋನು ಮಾಡಿ ಮನೆಗೆ ಕರೆದೆ.

ಪಾಸ್ಟರ್ ಬಂದು ಕುಳಿತರು.

"ಅಮ್ಮಾರ, ದೇವರು ನಿಮ್ಮನ್ನ ನೀತಿವಂತರು ಅಂತ ಅಂದದ್ದು ನಿಮ್ಮ ಕೈ ನೋಡೇನ್ರಿ?"

"ಅಲ್ರಿ, ಯೇಸುಸ್ವಾಮಿನ್ನ ನೋಡಿ."

"ಮತ್ತ?"

"ಮಂದಿಗೆ ಹೇಳೂದಾದ್ರ ನಾನೂ ಹಂಗ ಹೇಳ್ತೇನ್ರಿ ಪಾಸ್ಟರ್ರ."

ಅಷ್ಟರಲ್ಲಿ ನಾನು ಚಹಾ ತಂದೆ. ತರಬಾರದಿತ್ತು.

"ಈಕಿ ನಿಮ್ಮ ಸೊಸಿ ಆಗಿದ್ದು ಯಾವಾಗ್ರಿ?"

"ಮದುವಿ ದಿನಾರಿ."

"ರೊಟ್ಟಿ ಬಡಿಯಾಕ ಕಲತ ಮ್ಯಾಲೆ ಅಲ್ಲೇನ್ರಿ?"

"ಅಯ್ಯ, ಈಕಿ ಇನ್ನೂ ಎಲ್ಲಿ ಕಲತಾಳ್ರಿ!"

"ಹಂಗಾದ್ರ ಇನ್ನೂ ಸೊಸಿ ಆಗಿಲ್ಲ ಅನ್ರಿ."

ಅತ್ತೆಗೆ ಸಿಟ್ಟು ಬಂತು. "ಏನ್ ಮಾತಾಡ್ತೀರಿ ಪಾಸ್ಟರ್ರ? ರೊಟ್ಟಿ ಹರದ್ರ ಸೊಸಿತನ ಹರೀತೈತೇನ್ರಿ?" ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ ತಮ್ಮ ಕೈ ನೋಡಿಕೊಂಡರು.

"ಮನಿಗೆ ತಂದ್ಕೊಳ್ಳೂದು ಒಂದ ದಿನದ್ದು, ಕಲಿಸೂದು ಜೀವನ ಪೂರ್ತಿದು. ದೇವರೂ ಹಂಗರೀ. ಎರಡೂ ಕೂಡಿ ರಕ್ಷಣಾ" ಎಂದು ಪಾಸ್ಟರ್ ಚಹಾ ಮುಗಿಸಿ ಎದ್ದರು. "ಈ ಸಲ ರೊಟ್ಟಿ ನಿಮ್ದ."

ದೈವಶಾಸ್ತ್ರಕ್ಕೆ ನನ್ನಿಂದ ಇಷ್ಟಾದರೂ ಉಪಯೋಗವಾಯಿತಲ್ಲ ಎಂದುಕೊಂಡು ಲೋಟ ತೊಳೆದೆ. ಹೇಳಬೇಕೆಂದರೆ, ನನಗೂ ಸ್ವಲ್ಪ ಚುರುಕ್ಕೆಂದಿತ್ತು.

ಹೆಂಚು ಅಟ್ಟದಿಂದ ಇಳಿಯಿತು. ನಿರ್ಣಯವನ್ನು ಒಪ್ಪಿಕೊಂಡರೂ ಅತ್ತೆ ಮಜ್ಜಿಗೆಯನ್ನು ಬಿಡಲಿಲ್ಲ. ಮೊದಲು ಮಜ್ಜಿಗೆ, ಆಮೇಲೆ ಕೊಬ್ಬರಿ ಎಣ್ಣೆ, ಆಮೇಲೆ ಸೋಪು ಎಂದು ಶನಿವಾರವೆಲ್ಲ ಕೈ ತೊಳೆದರು. ಮೊದಲ ರೊಟ್ಟಿಯನ್ನು ಮಗನಿಗೆ ತಿನ್ನಿಸಿ ಅವನ ಕಣ್ಣನ್ನೇ ನೋಡುತ್ತ ನಿಂತರು. "ಖಾರ ಇಲ್ಲ ಬೇ" ಎಂದು ನಮ್ಮ ಮನೆಯವರು ಎರಡೆರಡು ಸಲ ಹೇಳಬೇಕಾಯಿತು.

ಭಾನುವಾರ ಪಾಸ್ಟರ್ ರೊಟ್ಟಿ ಮುರಿದು ಮೊದಲು ಬಂದದ್ದು ಹಿಂದಿನ ಸಾಲಿಗೆ, ಅತ್ತೆಯ ಬಳಿಗೆ.

"ಪಾಸ್ಟರ್ರ, ಖಾರ ಉಳದಿದ್ರ?" ಅತ್ತೆ ಕೇಳಿದರು.

"ಉಳದಿದ್ರ ಉಳೀಲಿ. ನಿಮ್ಮ ಸಲುವಾಗಿ ಮುರದದ್ದು. ತಗೋರಿ."

ಅತ್ತೆ ಎರಡೂ ಕೈ ಚಾಚಿ ತೆಗೆದುಕೊಂಡರು. ಬಹಳ ಹೊತ್ತು ಅಗಿದರು.

ಮನೆಗೆ ಬಂದು, ಸೆರಗು ಕೊಡವಿ, ಜೋಳದ ಹಿಟ್ಟಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟರು.

"ಇವತ್ತು ನೀ ಬಡಿ."

"ಹರೀತಾವ್ರಿ ಅತ್ತಿ."

"ಹರೀಲಿ. ನಾ ತಿಂತೇನಿ."

ನನ್ನ ಕಣ್ಣು ತುಂಬಿ ಬಂತು. ಆ ದಿನ ನಾನು ಮೆಣಸಿನಕಾಯಿ ಮುಟ್ಟಿರಲಿಲ್ಲ.