ಪ್ರಚಾರದ ಅಣ್ಣ ಮತ್ತು ನಮ್ಮ ಒಂಬತ್ತು ಹಾಡು

ಮಾತನಾಡುವಾಗ ಅವರ ಎಡಗೈ ತಾನಾಗಿಯೇ ಮೇಲೆದ್ದು ಕಿವಿಯನ್ನು ಮುಚ್ಚುತ್ತಿತ್ತು. ಮೈಕಿನ ಮುಂದೆ ಮಾತ್ರವಲ್ಲ, ಹೋಟೆಲಿನಲ್ಲಿ ಎರಡು ಇಡ್ಲಿ ಹೇಳುವಾಗಲೂ ಹಾಗೆಯೇ. ಕಿವಿಯ ಅಂಚು ಸವೆದಿದೆಯೇನೋ ಎಂದು ನಾನು ಕದ್ದು ನೋಡಿದ್ದುಂಟು. ಹಿರಿಯೂರಿನಲ್ಲಿ ಸೀರೆ ಮಾರಾಟ, ರಕ್ತದಾನ ಶಿಬಿರ, ನಲ್ಲಿ ನೀರು ಬರದ ದಿನ, ಯಾವುದನ್ನು ಆಟೊದಲ್ಲಿ ಕೂಗಿಸಬೇಕಾದರೂ ಆ ದನಿಯೇ ಬೇಕಿತ್ತು. ಊರೆಲ್ಲ ಅವರನ್ನು ಪ್ರಚಾರದ ಅಣ್ಣ ಎನ್ನುತ್ತಿತ್ತು. ನಾವೂ ಹಾಗೇ ಕರೆದೆವು.

ನಾವು ಎಂದರೆ ನಾನು ಮತ್ತು ತಾಳ್ಯ ಊರಿನ ನನ್ನ ಗೆಳೆಯ. ಇಬ್ಬರದು ಒಂದು ಹಿಪ್ ಹಾಪ್ ಜೋಡಿ. ಕಂಪನಿ ಇಲ್ಲ, ವೇದಿಕೆ ಇಲ್ಲ. ಫೋನಿನಿಂದ ಫೋನಿಗೆ ಹರಿದ ನಾಲ್ಕು ಹಾಡು, ಮೈತುಂಬ ಚಡಪಡಿಕೆ. ಅವನು ಕುರಿಗಳ ಹಿಂದೆ ನಡೆಯುತ್ತ ಸಾಲು ಕಟ್ಟುವವನು. ನಾನು ಹಿರೇಗುಂಟನೂರಿನ ಬಸ್ಸಿನಲ್ಲಿ ನಿಂತೇ ಬರೆಯುವವನು. ಒಂದು ಕಡೆ ಕೂತರೆ ಮೈಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಒಂಬತ್ತು ಹಾಡಿನ ಪೂರಾ ಆಲ್ಬಂ ಮಾಡಿಯೇ ತೀರಬೇಕೆಂಬ ಹಟಕ್ಕೆ ಬಿದ್ದಾಗ ನಮ್ಮ ಕೈಗೆಟುಕಿದ ಸ್ಟುಡಿಯೋ ಅಣ್ಣನದೊಂದೇ. ಹೆದ್ದಾರಿಯ ಪಕ್ಕದ ಒಂದು ಕೋಣೆ. ಸದ್ದು ತಡೆಯಲು ಗೋಡೆ ತುಂಬ ಕರಿ ಕಂಬಳಿ ಹೊಡೆದಿದ್ದರು. ಗೆಳೆಯ ಒಳಗೆ ಕಾಲಿಟ್ಟವನೇ ಮೂಗರಳಿಸಿ, "ಲೇ, ನಮ್ಮನೆ ವಾಸ್ನೆ ಬರ್ತೈತೆ," ಎಂದು ನಕ್ಕ.

"ಕುಂತ್ಕಳ್ರಪ್ಪ. ಅವಸರ ಮಾಡಿದ್ರೆ ಮೈಕು ಮುನಿಸ್ಕಂತೈತೆ," ಎಂದರು ಅಣ್ಣ.

ಭಾನುವಾರದ ಮೇಲೆ ಭಾನುವಾರ ಹೋದೆವು. ಲಾರಿ ಹಾರನ್ ಹೊಡೆದರೆ ಅಣ್ಣ ಕೈಯೆತ್ತುತ್ತಿದ್ದರು, ನಾವು ಬಾಯಿ ಮುಚ್ಚಬೇಕು, ಲಾರಿ ದಾಟಿದ ಮೇಲೆ ಮತ್ತೆ ಮೊದಲಿಂದ. ನನಗೆ ತಲೆ ಕೆಡುತ್ತಿತ್ತು. ಕೋಣೆಯಲ್ಲಿ ಮೂರು ಹೆಜ್ಜೆ ಆ ಕಡೆ, ಮೂರು ಹೆಜ್ಜೆ ಈ ಕಡೆ ಸುತ್ತುತ್ತಿದ್ದೆ. "ನಿನ್ ಚಪ್ಲಿ ಸದ್ದೂ ಹಾಡಲ್ಲಿ ಬರ್ಬೇಕೇನಪ್ಪ?" ಎಂದು ರೇಗಿಸಿ ಚಪ್ಪಲಿ ಹೊರಗಿಡಿಸಿದರು. ನಮ್ಮ ಹಾಡು ಅವರಿಗೆ ಹಿಡಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಬರಲಿ ಎಂದು ಕಾಡುತ್ತಿದ್ದರು.

ಅಣ್ಣ ಎಲ್ಲವನ್ನೂ ಸಾಫ್ ಮಾಡಿ ಕೇಳಿಸಿದ ದಿನ ಮೊದಲ ಹಾಡಿಗೇ ನಾನು ಎದ್ದು ನಿಂತೆ. ಸಾಲಿನ ಹಿಂದೆ ಸಾಲು ಬರುತ್ತಿದೆ, ನಡುವೆ ಉಸಿರೇ ಇಲ್ಲ. ಗೆಳೆಯ ಒಂದು ಸಾಲು ಮುಗಿಸಿ ಗಬಕ್ಕನೆ ಗಾಳಿ ಎಳೆದುಕೊಳ್ಳುತ್ತಿದ್ದನಲ್ಲ, ಅವನ ಸಿಟ್ಟೆಲ್ಲ ಇದ್ದದ್ದೇ ಅಲ್ಲಿ. ಒಂಬತ್ತೂ ಹಾಡಿನಿಂದ ಒಂದೊಂದು ಉಸಿರನ್ನೂ ಹುಡುಕಿ ಹುಡುಕಿ ತೆಗೆದಿದ್ದರು ಅಣ್ಣ. ಪ್ರಚಾರದ ಕಸುಬಿನಲ್ಲಿ ಅದೇ ಮರ್ಯಾದೆಯಂತೆ. "ಉಸ್ರು ಕೇಳಿಸಿದ್ರೆ, ಹೇಳೋನು ದಣಿದವ್ನೆ ಅಂತ ಜನಕ್ಕೆ ಗೊತ್ತಾಗ್ತೈತೆ ಕಣಪ್ಪ," ಎಂದರು. ಮೊದಲಿನದನ್ನೇ ಕೊಡಿ ಎಂದರೆ ಅದೂ ಇರಲಿಲ್ಲ. ಹಿಂದೊಮ್ಮೆ ತಪ್ಪು ತಾರೀಕಿನ ಪ್ರಚಾರ ಆಟೊ ಹತ್ತಿ ಊರೆಲ್ಲ ಸುತ್ತಿತ್ತಂತೆ. ಅಂದಿನಿಂದ ಸಾಫ್ ಮಾಡಿದ ಕೂಡಲೇ ಹಳೆಯದನ್ನು ಅಳಿಸಿಬಿಡುವುದು ಅವರ ರೂಢಿ.

"ಸೀರೆ ಮಾರೋ ಗಂಟ್ಲಿಗೆ ನಮ್ ಹಾಡು ಕೊಟ್ಟಿದ್ದೇ ತಪ್ಪು," ಎಂದುಬಿಟ್ಟೆ ನಾನು. ಗೆಳೆಯ ಎದ್ದು ಹೋಗಿ ಬಸ್ಸು ಹತ್ತಿದ. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಆಲ್ಬಂ ಕತೆ ಮುಗಿಯಿತು ಎಂದುಕೊಂಡೆ.

ಮೂರನೆಯ ದಿನ ಅಣ್ಣ ತಾಳ್ಯಕ್ಕೆ ಹೋದರು. ಹೊಲ ದಾಟಿ, ಕುರಿಗಳ ನಡುವೆ ಗೆಳೆಯನನ್ನು ಹುಡುಕಿ, "ತಪ್ಪು ನಂದು. ಒಂಬತ್ತೂ ಮತ್ತೆ ಮಾಡಾಣ, ಬಾರಪ್ಪ," ಎಂದರಂತೆ. ಗೆಳೆಯ ಕುರಿ ಹೊಡೆದುಕೊಂಡು ಮುಂದೆ ಹೋಗುತ್ತಿದ್ದರೂ, ಅವನು ಒಪ್ಪುವ ತನಕ, ಸಂಜೆಯವರೆಗೆ ಅಣ್ಣ ಜೊತೆಯಲ್ಲೇ ನಡೆದರಂತೆ. ಚುನಾವಣೆ ಹತ್ತಿರವಾಗಿ ಕೆಲಸ ಮೈಮೇಲೆ ಬೀಳುತ್ತಿದ್ದ ಹೊತ್ತಿನಲ್ಲಿ, ಒಂದು ವಾರ ಬಂದವರನ್ನೆಲ್ಲ ವಾಪಸ್ಸು ಕಳಿಸಿದರು. ಒಂಬತ್ತನ್ನೂ ಮತ್ತೆ ಹಾಡಿದೆವು. ಈ ಸಲ ಉಸಿರು ಬಂದ ಕಡೆಯೆಲ್ಲ ಅಣ್ಣ ಮೌಸ್ ಬಿಟ್ಟು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು.

ಕೊನೆಯ ದಿನ ಸಂಕೋಚದಿಂದ ಕೇಳಿದರು: "ನಂದೂ ಒಂದ್ ಮಾತು ಹಾಕ್ತೀರೇನ್ರಪ್ಪ? ಶುರುವಿಗೆ, ಒಂದೇ ಸಾಲು." ಹಾಕೋಣ ಅಣ್ಣ ಎಂದೆವು. ಕಿವಿ ಮುಚ್ಚಿಕೊಂಡು ಒಂದೇ ಸಲಕ್ಕೆ ಹೇಳಿದರು: "ಒಂದ್ ನಿಮಿಷ ನಿಂತ್ಕಂಡು ಕೇಳ್ರಿ. ಇವ್ರು ನಮ್ಮ ಹುಡುಗ್ರು."

ಹಾಡುಗಳನ್ನು ಕೊನೆಗೆ ಜೋಡಿಸಿದ್ದು ನಾನು, ನನ್ನ ಲ್ಯಾಪ್‌ಟಾಪಿನಲ್ಲಿ. ಆಟೊ ಪ್ರಚಾರದ ದನಿ ಕೇಳಿದರೆ ಜನ ನಗುತ್ತಾರೆ ಅನ್ನಿಸಿತು. ಆ ಸಾಲನ್ನು ತೆಗೆದೆ. ಗೆಳೆಯನಿಗೂ ಹೇಳಲಿಲ್ಲ.

ಆಲ್ಬಂ ಹೊರಬಂದ ದಿನ ಸ್ಟುಡಿಯೋದಲ್ಲಿ ಮೂವರೂ ಕೂತು ಕೇಳಿದೆವು. ಮೊದಲ ಹಾಡು ಶುರುವಾಯಿತು, ಅಣ್ಣನ ದನಿ ಇಲ್ಲ. ಗೆಳೆಯ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಎರಡನೆಯದು ಶುರುವಾಗುವಾಗ ಅಣ್ಣ ತುಸು ಮುಂದೆ ಬಾಗಿದರು. ಮೂರನೆಯದಕ್ಕೂ ಬಾಗಿದರು. ಒಂಬತ್ತನೆಯದರ ತನಕ ಹಾಗೆಯೇ. ಎದ್ದು ಓಡಿಹೋಗಬೇಕೆನಿಸಿತು ನನಗೆ. ಎಲ್ಲ ಮುಗಿದ ಮೇಲೆ, "ಚೆನ್ನಾಗೈತೆ ಕಣ್ರಪ್ಪ. ಉಸ್ರೆಲ್ಲಾ ಐತೆ," ಎಂದರು. ಬೇರೇನೂ ಕೇಳಲಿಲ್ಲ.

ಮುಂದಿನ ವರ್ಷ ಅಣ್ಣ ಎದೆನೋವು ಬಂದು ತೀರಿಹೋದರು. ಆ ಒಂದು ಸಾಲು ಈಗಲೂ ನನ್ನ ಹತ್ತಿರ ಇದೆ. ಮೊದಲ ಹಾಡಿನ ಮುಂದೆ ಅದನ್ನು ಸೇರಿಸಲು ಎಷ್ಟು ಹೊತ್ತು ಬೇಕು? ಎರಡು ಸಲ ಸೇರಿಸಿಯೂ ನೋಡಿದೆ, ಕೇಳಲಾಗಲಿಲ್ಲ. ತಮ್ಮ ತಪ್ಪಿಗೆ ಅವರು ಮೂರೇ ದಿನದಲ್ಲಿ ತಾಳ್ಯಕ್ಕೆ ಹೋಗಿದ್ದರು. ನನ್ನ ತಪ್ಪನ್ನು ಅವರ ಮುಂದೆ ಹೇಳಿಕೊಳ್ಳಲು ನನಗೆ ಒಂದು ವರ್ಷವಿತ್ತು. ಹೋಗಲಿಲ್ಲ.