ಪಾರ್ಕಿಂಗಿನ ಕಂಬದ ಮೇಲಿನ ಪೊರೆ

ಇವತ್ತು ಬೆಳಿಗ್ಗೆ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಮಗಳು ಕಂಬದ ಹತ್ತಿರ ನಿಂತು, “ಅಮ್ಮಾ, ಯೇ ಕ್ಯಾ ಹೈ, ಏನಿದು? ಒಳಗೆ ಯಾರೂ ಇಲ್ಲ” ಎಂದಳು. ಬೆನ್ನು ಸೀಳಿದ ಹುಳದ ಪೊರೆಯೊಂದು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅದರ ಹಸಿ ಮರಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕವಳಾಗಿ ಮುಲುಂಡಿನ ಗುಡ್ಡದ ಬುಡದ ಹಳ್ಳದಲ್ಲಿದ್ದೆ.

ಆಗ ಈ ಬಿಲ್ಡಿಂಗಿನ ಜಾಗದಲ್ಲಿ, ಆ ಹಳ್ಳದ ಪಕ್ಕ, ಸಾಲು ಕೋಣೆಗಳ ನಮ್ಮ ಚಾಳಿತ್ತು. ನಳದಲ್ಲಿ ನೀರು ಬಾರದ ದಿನ, ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ದೊಡ್ಡಮ್ಮ ಬಟ್ಟೆಯ ಗಂಟು ಹೊತ್ತು ನನ್ನನ್ನು ಹಳ್ಳಕ್ಕೆ ಕರೆದೊಯ್ಯುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಕಲ್ಲುಗಳ ಮೇಲೆಲ್ಲ ಇಂಥವೇ ಪೊರೆಗಳು. ಏರೋಪ್ಲೇನ್ ಚಿಟ್ಟೆಯ ಮರಿಗಳು ಹರಿಯುವ ನೀರಿನಡಿ ಮರಳಿನಲ್ಲಿ ಬಹುಕಾಲ ಹೂತಿದ್ದು, ಒಂದು ಬೆಳಗಿನ ಜಾವ ಕಲ್ಲೇರಿ, ಬೆನ್ನೊಡೆದು ಹಾರಿಹೋಗುತ್ತಿದ್ದವು. ಸೀಳಿನಿಂದ ಬಿಳಿ ಎಳೆಗಳು ಜೋತಾಡುತ್ತಿದ್ದವು. ಅವು ಉಸಿರಿನ ಕೊಳವೆಗಳ ಒಳಪದರವಂತೆ, ದೊಡ್ಡವಳಾದ ಮೇಲೆ ಓದಿದೆ. ಚಿಕ್ಕವಳಿದ್ದಾಗ ಮಾತ್ರ ಆ ಗಾಜಿನಂಥ ಖಾಲಿ ಕಣ್ಣುಗಳು ನನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು.

ದೊಡ್ಡಮ್ಮ ಬಟ್ಟೆ ನೆನೆಸುವ ಮೊದಲು, ಮನೆಯಿಂದ ಹೊರಟವರಿಗೆ ಹೇಳುವಂತೆ, ಒಂದೊಂದು ಪೊರೆಗೂ “ಹೋಗಿ ಬಾರಪಾ” ಎನ್ನುತ್ತಿದ್ದಳು.

“ಅದು ಖಾಲಿ ಅದ, ದೊಡ್ಡಮ್ಮ.”

“ಖಾಲಿ ಇದ್ರೇನಾತು? ಬಾ ಅನ್ನದಿದ್ರ ಯಾವುದೂ ತಿರುಗಿ ಬರೂದಿಲ್ಲ. ಹಳ್ಳ ಸತ್ತಹೋಗ್ತದ.”

ದೊಡ್ಡಮ್ಮ ತೀರಿಕೊಂಡಳು. ಚಾಳು ಕೆಡವಿ, ಹಳ್ಳದ ಮೇಲೆ ಸ್ಲ್ಯಾಬ್ ಹಾಕಿ ಈ ಬಿಲ್ಡಿಂಗ್ ಎಬ್ಬಿಸಿದರು.

ಕಂಬದ ಬುಡದ ಜಾಲರಿಗೆ ಕಿವಿಗೊಟ್ಟೆ. ಕೆಳಗೆ ನೀರು ಹರಿಯುತ್ತಿತ್ತು. ಪೊರೆಯನ್ನು ಮುಟ್ಟಿದೆ. ಇನ್ನೂ ಒದ್ದೆಯಾಗಿತ್ತು.

ನಾನಂತೂ ಒಂದು ದಿನವೂ ಕರೆದವಳಲ್ಲ. ಇಷ್ಟು ವರ್ಷ ಆ ಕತ್ತಲೆಯಲ್ಲಿ ಇವುಗಳಿಗೆ ಬಾ ಎನ್ನುತ್ತಿರುವವರು ಯಾರು?